ಕೊಡ ಹಿಡಿದ ಹುಡುಗಿಯ ಕಣ್ಣು

ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಇದು. ನಿಜಾಮನ ಆಳ್ವಿಕೆ ಮುಗಿಯುವ ವರ್ಷ, ರಜಾಕಾರರ ಭಯಕ್ಕೆ ಹೊಳೆದಂಡೆಯ ಊರುಗಳು ಖಾಲಿಯಾಗಿ ಮಂದಿ ತುಂಗಭದ್ರೆ ದಾಟಿ ಬಳ್ಳಾರಿ ಸೀಮೆಗೆ ಓಡಿಹೋದಾಗ, ದಢೇಸುಗೂರಿನಲ್ಲಿ ನಮ್ಮ ಮುತ್ತಜ್ಜ ಮಾತ್ರ ಕದಲಲಿಲ್ಲ. ಬಾಗಿಲು ತೆರೆದಿಟ್ಟ, ಒಲೆ ಆರದಂತೆ ನೋಡಿಕೊಂಡ, ಪಡಸಾಲೆಯಲ್ಲಿ ಒಬ್ಬ ಚಿತ್ರಗಾರನನ್ನು ಕೂರಿಸಿಕೊಂಡು ಮನೆಯ ದಿನನಿತ್ಯದ ಬದುಕನ್ನೇ ಚಿತ್ರ ಬರೆಸಿದ. ಊರೆಲ್ಲ ಗಂಟುಮೂಟೆ ಕಟ್ಟುವಾಗ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು ಅನ್ನುವುದಕ್ಕೆ ಆ ಚಿತ್ರವೇ ಸಾಕ್ಷಿ.

ಈ ಕಥೆಯಲ್ಲಿ ಒಂದು ತೂತಿದೆ, ಮಾತಿಗೆ ಹೇಳುವುದಲ್ಲ, ಖರೆ ತೂತು. ಚಿತ್ರ ಇರುವುದು ಗೋಡೆಯ ಮೇಲಲ್ಲ, ಹಲಗೆಯ ಮೇಲೆ. ಹಲಗೆಯ ಬಲಬದಿಗೆ ಚಿಲಕ ಹಾಯುವಷ್ಟು ದೊಡ್ಡ ತೂತು. ಚಿತ್ರಗಾರ ಜಾಣ, ಆ ತೂತನ್ನೇ ಒಲೆಯ ಬಾಯಿ ಮಾಡಿ ಸುತ್ತ ಕೆಂಪು ಬಳಿದಿದ್ದಾನೆ. ಎಲ್ಲಿಗೂ ಹೋಗುವುದಿಲ್ಲ ಎಂದು ಹಟ ಹಿಡಿದ ಯಜಮಾನ, ಸ್ವಂತ ಗೋಡೆ ಇರುವಾಗ, ಎತ್ತಿಕೊಂಡು ಹೋಗಬಹುದಾದ ಹಳೆ ಬಾಗಿಲ ಹಲಗೆಯ ಮೇಲೆ ಯಾಕೆ ಬರೆಸಿದ? ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಈ ಕಥೆ ಹೇಳಿದ್ದರೆ ಗಂಟೆ ಬಾರಿಸುವ ಮೊದಲೇ ಈ ಪ್ರಶ್ನೆ ಕೇಳಿ ಕೂರಿಸುತ್ತಿದ್ದೆ. ನನ್ನ ಮನೆಯ ಕಥೆ, ಹಾಗಾಗಿ ಕೇಳಲಿಲ್ಲ. ಕೇಳದೆ ಬಿಟ್ಟಿದ್ದಷ್ಟೇ ಅಲ್ಲ, ಲಿಂಗಸುಗೂರಿನ ಕಾಲೇಜಿನಲ್ಲಿದ್ದಾಗ ಎರಡು ಕಪ್ಪು ಗೆದ್ದಿದ್ದು ಇದೇ ಕಥೆಯ ಮೇಲೆ. ‘ಸ್ವಾತಂತ್ರ್ಯ ಅಂದರೆ ಹೆದರದಿರುವುದು’ ಎಂಬ ವಿಷಯದ ಪರ ಮಾತಾಡುತ್ತ ಕೊನೆಯ ನಿಮಿಷಕ್ಕೆ ಇದನ್ನು ತೆಗೆಯುತ್ತಿದ್ದೆ. ಸಭೆ ಗಪ್ಪಾಗುತ್ತಿತ್ತು.

ಈಗ ನಾವಿರುವುದು ಮಸ್ಕಿಯಲ್ಲಿ. ಅಜ್ಜ ಇಲ್ಲಿಗೆ ಬಂದು ಬಟ್ಟೆ ಅಂಗಡಿ ಹಾಕಿದ ಮೇಲೆ ದಢೇಸುಗೂರಿನ ಮನೆ ಬಿದ್ದುಹೋಯಿತು. ಚಿತ್ರ ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ, ದೇವರ ಜಗುಲಿಯ ಮಗ್ಗುಲಿಗೆ ನಿಂತಿತು. ಚಿಕ್ಕಂದಿನಿಂದ ಅದರ ಮುಂದೆ ಕೂತು ಉಂಡವಳು ನಾನು. ಮುತ್ತಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಮುತ್ತಜ್ಜ ಕನ್ನಡಿ ಇಲ್ಲದೆ ರುಮಾಲು ಸುತ್ತುತ್ತಿದ್ದಾನೆ, ಅದರ ಒಂದು ತುದಿ ಹಲ್ಲಿನಲ್ಲಿ. ಐದು ವರ್ಷದ ಅಜ್ಜ ಕರುವಿನ ಕೊರಳಿಗೆ ಜೋತುಬಿದ್ದಿದ್ದಾನೆ. ಬಾಗಿಲಲ್ಲಿ ಹನ್ನೊಂದು ವರ್ಷದ ಹುಡುಗಿ, ಸೊಂಟದ ಮೇಲೆ ಕೊಡ. ಆಕೆ ಅಜ್ಜನ ಅಕ್ಕ. ಗುರುಗುಂಟಾಕ್ಕೆ ಕೊಟ್ಟಿದ್ದರಿಂದ ನಾವೆಲ್ಲ ಗುರುಗುಂಟಿ ಅಮ್ಮ ಅನ್ನುತ್ತೇವೆ. ಚಿತ್ರದಲ್ಲಿ ಎಲ್ಲರಿಗೂ ಕಣ್ಣಿದೆ, ಕರುವಿಗೂ ಇದೆ. ಆಕೆಗೆ ಮಾತ್ರ ಬಿಳಿಯ ಎರಡು ಬಾದಾಮಿ, ಒಳಗೆ ಗುಡ್ಡೆಯಿಲ್ಲ.

‘ಬಣ್ಣ ಉದುರೇತಿ’ ಎನ್ನುತ್ತಿದ್ದ ಅಜ್ಜ. ನಾನು ಅದನ್ನೂ ನಂಬಿದ್ದೆ.

ಹೋದ ವರ್ಷ ಸಿಂಧನೂರಿನಲ್ಲಿ ಹಳೆಯ ಮನೆಗಳ ವಸ್ತುಗಳದ್ದೊಂದು ಪ್ರದರ್ಶನ ಇಟ್ಟರು, ನಿಜಾಮನಿಂದ ಬಿಡುಗಡೆಯಾದ ನೆನಪಿಗೆ. ನಮ್ಮ ಚಿತ್ರ ಕೇಳಿದರು, ಅಜ್ಜನಿಗೆ ಶಾಲು ಹೊದಿಸುವುದಾಗಿಯೂ ಹೇಳಿದರು. ಚಿತ್ರದ ಕೆಳಗೆ ಹಾಕುವ ನಾಲ್ಕು ಸಾಲನ್ನು ನಾನು ಬರೆದು ಕಳಿಸಿದೆ. ‘ಊರೆಲ್ಲ ಓಡಿದಾಗಲೂ ಒಲೆ ಆರಿಸದ ಮನೆ’ ಎಂದು ಶುರುವಾಗಿತ್ತು. ಬರೆದಾಗ ನನಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಮೊದಲು ಚಿತ್ರವನ್ನು ಹೊಲಿದ ಗೋಣಿತಟ್ಟಿನಲ್ಲಿ ಸುತ್ತಿ, ಅಜ್ಜ ಮತ್ತು ನಾನು ಸಿಂಧನೂರಿಗೆ ಒಯ್ದೆವು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಫೋಟೊಗೆ ಕಟ್ಟು ಹಾಕುವ ಅಂಗಡಿ. ಅಂಗಡಿಯವ ತಲೆತಲಾಂತರದಿಂದ ದೇವರ ಮೂರ್ತಿಗೆ ಬಣ್ಣ ಹಾಕುವ ಮನೆತನದವ, ವಯಸ್ಸಾದವ. ಅರಳೆಯನ್ನು ಎಣ್ಣೆಯಲ್ಲಿ ಅದ್ದಿ ಮೂಲೆಯಿಂದ ಒರೆಸುತ್ತ ಬಂದ. ಹುಡುಗಿಯ ಮುಖದ ಹತ್ತಿರ ಬಂದಾಗ ಕೈ ನಿಲ್ಲಿಸಿದ.

‘ಯಜಮಾನ್ರ, ಇಲ್ಲಿ ಬಣ್ಣ ಉದುರಿಲ್ಲರಿ.’

‘ಉದುರೇತಪಾ. ನಾ ಸಣ್ಣಾಂವ ಇದ್ದಾಗಿಂದ ಹಂಗ ಐತಿ.’

‘ಉದುರಿದ್ರ ಕಟಗಿ ಕಾಣಬೇಕಲ್ಲ. ಬಿಳಿ ನೋಡ್ರಿಲ್ಲಿ ಹೆಂಗ ನುಣ್ಣಗೈತಿ. ಕಣ್ಣು ಬರದೇ ಇಲ್ಲ.’

‘ಮರ್ತಿರಬೇಕು.’

ಅಂಗಡಿಯವ ನಕ್ಕ. ‘ಕರುವಿನ ಕಣ್ಣು ನೆನಪಿಟ್ಟಾಂವ ಮನಿ ಮಗಳ ಕಣ್ಣು ಮರೀತಾನೇನ್ರಿ? ನಮ್ಮ ಕೆಲಸದಾಗ ಕಣ್ಣು ಕಟ್ಟಕಡೀಕ. ದೇವ್ರಿಗಾದ್ರ ಪೂಜಿ ಮಾಡಿ ತೆರಸ್ತೀವಿ, ಮನಿಷ್ಯಾರಿಗಾದ್ರ ಎದುರಿಗೆ ಕುಂದ್ರಿಸಿ ತೆರಸ್ತೀವಿ. ಮೈ, ಸೀರಿ, ಕೊಡ ಎಲ್ಲಾ ನೆನಪಿಲೆ ಬರೀಬಹುದು. ಎದುರಿಗೆ ಇಲ್ಲದವರ ಕಣ್ಣು ಮುಟ್ಟಂಗಿಲ್ಲ. ನಮ್ಮಪ್ಪ ಹಂಗಾ ಇದ್ದ, ನಾನೂ ಹಂಗಾ ಅದೀನಿ.’

‘ಹಂಗಂದ್ರ?’ ಎಂದೆ ನಾನು.

‘ಇದನ್ನ ಬರೆಯೋವಾಗ ಈ ಹುಡುಗಿ ಅಲ್ಲಿದ್ದಿಲ್ಲವಾ. ಅಷ್ಟಾ.’

ಅಜ್ಜ ಚಹಾದ ಕಪ್ಪನ್ನು ಕೆಳಗಿಟ್ಟ. ‘ಅದೆಲ್ಲಾ ಇರ್ಲಿ. ಈಗ ನೀ ಬರದುಬಿಡು, ಎರಡು ಬೊಟ್ಟಿನ ಕೆಲಸ.’

‘ಯಾರ್ನ ನೋಡಿ ಬರೀಲಿರಿ?’

‘ಅಕಿ ಇನ್ನೂ ಅದಾಳರಿ’ ಎಂದೆ. ‘ಗುರುಗುಂಟಾದಾಗ. ಕಿವಿ ಜರಾ ಮಂದ ಆಗ್ಯಾವ, ಕಣ್ಣು ಛಲೋ ಅದಾವ.’

ಅಜ್ಜ ನನ್ನ ಕಡೆ ನೋಡಿದ ರೀತಿ ಇನ್ನೂ ನೆನಪಿದೆ. ನನ್ನದೇ ತಂಡದವಳು ಎದ್ದು ಎದುರು ತಂಡದ ಪರ ಮಾತಾಡಿದರೆ ನಾನು ಹಾಗೆ ನೋಡುತ್ತೇನೆ.

‘ಕರ್ಕೊಂಡು ಬರ್ರಿ ಮತ್ತ’ ಎಂದ ಅಂಗಡಿಯವ. ‘ಅರ್ಧ ತಾಸು ಕುಂತ್ರ ಸಾಕು. ಅಕೀ ಪುಣ್ಯೇ, ನಂದೂ ಪುಣ್ಯೇ.’

ಮರುದಿನ ಮುಂಜಾನೆ ಮಸ್ಕಿಯಿಂದ ಲಿಂಗಸುಗೂರಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಗುರುಗುಂಟಾಕ್ಕೆ ಹೋದೆ. ಗುರುಗುಂಟಿ ಅಮ್ಮ ಬೇವಿನ ನೆರಳಲ್ಲಿ ಕೂತು ಆಡಿನ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ತಾಯಿ ಆಡು ಆ ಮರಿಯನ್ನು ಹತ್ತಿರ ಸೇರಿಸುತ್ತಿಲ್ಲವಂತೆ. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

‘ಭಾಷಣದಾಕಿ ಬಂದ್ಲು ನೋಡು. ಕುಂದ್ರು. ನಮ್ಮ ಮನಿ ಕಥಿಗೆ ಎಷ್ಟ ಕಪ್ಪು ಬಂದಾವಂತ?’

‘ಎರಡು.’

‘ಒಂದು ನನಗ ಕೊಡಬೇಕಿತ್ತಲ್ಲ. ಕಥಿಯೊಳಗ ನಾನೂ ಅದೀನಿ.’

‘ನೀ ಅಲ್ಲಿದ್ದೇನಮ್ಮಾ?’ ಎಂದೆ. ಅಂಗಡಿಯವ ಹೇಳಿದ್ದನ್ನೆಲ್ಲ ಹೇಳಿದೆ.

ಆಕೆ ಮರಿಯ ಬಾಯಿಂದ ಬಾಟಲಿ ತೆಗೆದು, ಅದರ ಗದ್ದ ಒರೆಸಿ, ಬಿಟ್ಟಳು. ಇಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾದವಳ ಹಾಗೇನೂ ಕಾಣಲಿಲ್ಲ. ಹಿಟ್ಟು ತೀರಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು.

‘ಎಲ್ಲಾರೂ ಹೋಗಿದ್ವಿ. ಯಾರ್ ನಿಂತಾರ ಹಂತಾದ್ರಾಗ? ಹೊಳಿಗೆ ನೀರು ಬಂದಿತ್ತು. ಅಂಬಿಗನ ಹರಿಗೋಲು ಸಣ್ಣದು. ಅಪ್ಪ, ಅವ್ವ, ಜೋಳದ ಚೀಲ ನಾಕು, ತಾಮ್ರದ ಹಂಡೆ, ನಿಮ್ಮಜ್ಜ, ಕರು. ಕರು ಕಾಲು ಕಟ್ಟಿ ಹಾಕಿದ್ರು. ನಾ ಕಾಲಿಡಾಕ ಹೋದೆ, ನೀರು ಒಳಗ ಬಂತು. ಅಪ್ಪ ಅಂದ, ನೀ ಇಳಿ, ಮುಂದಿನ ಸಲಕ್ಕ ಬಾ ಅಂತ. ಇಳದೆ.’

‘ಮುಂದಿನ ಸಲ?’

‘ಅವತ್ತ ಮಧ್ಯಾಹ್ನ ರಜಾಕಾರ್ರು ಹರಿಗೋಲೆಲ್ಲಾ ದಂಡಿಗೆ ಎಳದು ಹಾಕಸಿದ್ರು. ದಾಟಿದ್ರ ಗುಂಡು ಹಾಕ್ತೀವಿ ಅಂದ್ರು. ಅಂಬಿಗ ನನ್ನನ್ನ ತನ್ನ ಗುಡಿಸಲಿಗೆ ಕರ್ಕೊಂಡು ಹ್ವಾದ.’

ಮೂರು ದಿನ ಅತ್ತಳಂತೆ. ಲಿಂಗ ಕಟ್ಟಿದ ಮನೆಯ ಹುಡುಗಿ, ಅವರ ಗಡಿಗೆ ಮುಟ್ಟಲಿಲ್ಲ. ನಾಲ್ಕನೆಯ ದಿನ ಹಸಿವು ತಡೆಯಲಾಗಲಿಲ್ಲ.

‘ಮೀನ ತಿಂದ್ಯಾ?’

‘ಮತ್ತ ಮಣ್ಣ ತಿನ್ಲಿ? ಛಲೋ ಇತ್ತು. ಅಂಬಿಗರಾಕಿ ಮುಳ್ಳು ಆರಿಸಿ ಆರಿಸಿ ಬಾಯಿಗೆ ಇಡ್ತಿದ್ಲು. ನಮ್ಮವ್ವ ಎಂದೂ ಹಂಗ ಉಣಿಸಿದಾಕಿ ಅಲ್ಲ. ಹದಿನೈದು ದಿನಕ್ಕ ಅಂಬಿಗ ಕದ್ದು ದಾಟಿದ. ಹುಡುಗಿನ್ನ ತರ್ಲೇನ್ರಿ ಅಂತ ಅಪ್ಪನ್ನ ಕೇಳ್ಯಾನ. ಅಪ್ಪ ಕೇಳಿದ್ದು ಒಂದಾ: ಏನ್ ಉಂಡಾಳ ಅಂತ. ಆ ಪುಣ್ಯಾತ್ಮಗ ಸುಳ್ಳು ಹೇಳಾಕ ಬರ್ತಿದ್ದಿಲ್ಲ.’

ಆಚೆ ದಂಡೆಯಲ್ಲಿ ನಮ್ಮವರು ಇಳಿದುಕೊಂಡಿದ್ದು ನಂಟರ ದನದ ಕೊಟ್ಟಿಗೆಯಲ್ಲಿ. ಮೀನು ತಿಂದ ಹುಡುಗಿ ಬಂದರೆ ನಂಟರು ತಮ್ಮ ಬಾವಿಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಮುತ್ತಜ್ಜನ ಲೆಕ್ಕಾಚಾರ. ‘ಅಲ್ಲೇ ಇರ್ಲಿ, ಆಮ್ಯಾಲ ನೋಡೂಣು’ ಎಂದು ಅಂಬಿಗನನ್ನು ಬರಿಗೈಲಿ ಕಳಿಸಿದ. ಅಂಬಿಗ ಇನ್ನೊಮ್ಮೆ ದಾಟಿ ಕೇಳಿದ, ಅದೇ ಉತ್ತರ. ಆ ನಡುವೆಯೇ, ತಮ್ಮ ಹಾಗೆ ಊರು ಬಿಟ್ಟು ಬಂದ ಒಬ್ಬ ಚಿತ್ರಗಾರನಿಗೆ ಎರಡು ಹೊತ್ತು ಊಟ ಹಾಕಿ, ಕೊಟ್ಟಿಗೆಯ ಮುರಿದ ಬಾಗಿಲ ಮೇಲೆ ಮನೆಯ ಚಿತ್ರ ಬರೆಸಿದ. ಮನೆ ಹೇಗಿತ್ತು ಎಂದು ಬಾಯಲ್ಲಿ ಹೇಳಿದ, ಅವನು ಬರೆದ. ಮಗಳನ್ನೂ ಹೇಳಿ ಬರೆಸಿದ, ಕೊಡದ ಸಮೇತ. ಕಣ್ಣಿನ ಹತ್ತಿರ ಬಂದಾಗ ಚಿತ್ರಗಾರ ಕುಂಚ ಇಟ್ಟುಬಿಟ್ಟ. ಹುಡುಗಿ ಎದುರಿಗೆ ಬರಲಿ ಎಂದ. ಇದನ್ನೆಲ್ಲ ಗುರುಗುಂಟಿ ಅಮ್ಮನಿಗೆ ಅವಳ ಅವ್ವ ಸಾಯುವ ಮುಂಚೆ ಹೇಳಿದ್ದಳಂತೆ.

ಚಿತ್ರದೊಳಗೆ ಕೊಡ ಹೊರಲು ಬೇಕಾದ ಹುಡುಗಿ, ಕೊಟ್ಟಿಗೆಯೊಳಗೆ ಬೇಡವಾಗಿದ್ದಳು. ಇದನ್ನು ಇಷ್ಟೇ ನೇರವಾಗಿ ಆಕೆಯ ಮುಂದೆ ಅಂದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ.

‘ತಿರುಗಿ ಬಂದ ಮ್ಯಾಲ, ಮದುವಿ ಮಾತು ಬಂದಾಗ, ಯಾರೂ ಎಲ್ಲೂ ಹೋಗೇ ಇಲ್ಲ ಅನ್ನೂಣು ಅಂದ್ರು. ಯಾರೂ ಹೋಗಿಲ್ಲಂದ್ರ ನಾ ಎಲ್ಲಿ ಉಳೀಲಿ? ಬೇರೆ ಮನಿ ಅನ್ನ ಎಲ್ಲಿ ತಿನ್ಲಿ?’

ವಾದ ಗಟ್ಟಿ ಇತ್ತು ಎಂದು ಒಪ್ಪಬೇಕು. ‘ಹಂಗಾದ್ರ ಸುಳ್ಳು ನಿನ್ನ ಸಲುವಾಗೇ ಅಲ್ಲೇನಮ್ಮಾ?’

‘ಮದುವಿ ತನಕ ನನ್ನ ಸಲುವಾಗಿ. ಮದುವ್ಯಾದ ವರ್ಷಾನ ನನ್ನ ಗಂಡಗ ನಾನಾ ಹೇಳಿದೆ. ಅವ ಏನ್ ಅಂದ ಗೊತ್ತೇನು? ಯಾವ ಮೀನ ಅಂತ ಕೇಳಿದ. ಎಪ್ಪತ್ತ ವರ್ಷಾತು. ಆಮ್ಯಾಲಿನ ಸುಳ್ಳು ಯಾರ ಸಲುವಾಗಿ, ಅದನ್ನ ನಿಮ್ಮಜ್ಜನ್ನ ಕೇಳು.’

‘ಅಜ್ಜಗ ಗೊತ್ತೈತೇನು?’

‘ಚೀಲದ ಮ್ಯಾಲ ಕುಂತಿದ್ದ, ನನ್ನ ಕಡೆ ಮಾರಿ ಮಾಡಿ. ಕರುವಿನ ಹಗ್ಗ ಅವನ ಕೈಯಾಗಿತ್ತು.’

ಕರು ಇಳಿಸಬಹುದಿತ್ತು, ಒಂದು ಚೀಲ ಇಳಿಸಬಹುದಿತ್ತು. ಇದನ್ನು ಬಾಯಿ ಬಿಟ್ಟು ಹೇಳುವ ಅಗತ್ಯ ಇರಲಿಲ್ಲ.

ಸಿಂಧನೂರಿಗೆ ಬರುತ್ತೀಯಾ ಎಂದು ಕೇಳಿದೆ. ಬರುತ್ತೇನೆ, ಕೂರುತ್ತೇನೆ ಎಂದಳು. ಒಂದೇ ಷರತ್ತು ಹಾಕಿದಳು.

‘ಚಿತ್ರದ ಬುಡಕ ಏನೋ ಬರೀತಿ ಅಂತಲ್ಲ. ನಾ ಹೊಳಿ ಈ ದಂಡ್ಯಾಗ ಇದ್ದೆ ಅಂತ ಬರಿ. ಅಂಬಿಗರಾಕಿ ಕೈಯಾಗ ಮೂರು ತಿಂಗಳು ಉಂಡೆ ಅಂತ ಬರಿ. ಅಕಿ ಸತ್ತಾಗ ನಾ ಮಣ್ಣಿಗೂ ಹೋಗಲಿಲ್ಲ, ಹೋದ್ರ ಯಾಕ ಬಂದಿ ಅಂತ ಮಂದಿ ಕೇಳ್ತಾರಂತ. ಅಷ್ಟ ಬರಿ ಸಾಕು. ಕಣ್ಣು ಬಂದ್ರೂ ಬರಲಿ, ಬಿಟ್ರೂ ಬಿಡ್ಲಿ.’

ಬರೆಯುತ್ತೇನೆ ಎಂದೆ. ಅಲ್ಲಿಂದಲೇ ಅಜ್ಜನಿಗೆ ಫೋನು ಮಾಡಿದೆ. ಎಲ್ಲ ಗೊತ್ತಾಗಿದೆ, ನಾಡಿದ್ದು ಕರೆದುಕೊಂಡು ಬರುತ್ತೇನೆ, ನಾನು ಕಳಿಸಿದ ಸಾಲು ಬದಲಿಸಬೇಕು ಎಂದೆ. ಜಗಳಕ್ಕೆ ತಯಾರಾಗಿದ್ದೆ, ಮೂರು ವಾದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಜ್ಜ ಒಂದಕ್ಕೂ ಅವಕಾಶ ಕೊಡಲಿಲ್ಲ.

‘ಆತವಾ. ಕರ್ಕೊಂಡು ಬಾ. ಎಲ್ಲಾ ಇಂತಿಜಾಮು ನಾ ಮಾಡ್ತೀನಿ.’

ಎದುರಾಳಿ ಅಷ್ಟು ಸಲೀಸಾಗಿ ಒಪ್ಪಿದರೆ ಅನುಮಾನ ಪಡಬೇಕು ಎಂದು ಕಿರಿಯರಿಗೆ ನಾನೇ ಹೇಳಿಕೊಟ್ಟಿದ್ದೆ. ಆದರೆ ಆ ದನಿ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನದು. ನಂಬಿದೆ.

ಎರಡು ದಿನ ಅಲ್ಲೇ ಉಳಿದು, ಗುರುಗುಂಟಿ ಅಮ್ಮನನ್ನು ಕರೆದುಕೊಂಡು ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಕಣ್ಣಿಗೆ ಕಾಡಿಗೆ ತೀಡಿದ್ದಳು. ‘ಬರಿಯಾಂವಗ ಗುರುತು ಸಿಗಲಿ’ ಎಂದಳು. ಕಟ್ಟು ಹಾಕುವ ಅಂಗಡಿಯಲ್ಲಿ ಚಿತ್ರ ಇರಲಿಲ್ಲ.

‘ಯಜಮಾನ್ರು ಮೊನ್ನೆ ಸಂಜೀಕ ಒಯ್ದ್ರಲ್ಲರಿ’ ಎಂದ ಅಂಗಡಿಯವ. ‘ಅಕ್ಕಗ ತಬ್ಬೇತು ಬರೋಬ್ಬರಿಲ್ಲ, ಬರಂಗಿಲ್ಲ ಅಂದ್ರು.’ ನನ್ನ ಹಿಂದೆ ನಿಂತ ಮುದುಕಿಯನ್ನು ನೋಡಿ, ಆಕೆಯ ಕಾಡಿಗೆ ನೋಡಿ, ಅವನು ಮಾತು ಅರ್ಧಕ್ಕೆ ಬಿಟ್ಟು ಸ್ಟೂಲು ಒರೆಸಿ ಮುಂದಿಟ್ಟ. ಆಕೆ ಕೂರಲಿಲ್ಲ.

ಮೊನ್ನೆ ಸಂಜೆ ಅಂದರೆ, ನಾನು ಗುರುಗುಂಟಾದಿಂದ ಫೋನು ಮಾಡಿದ ದಿನದ ಸಂಜೆ.

ಪ್ರದರ್ಶನದ ಸಭಾಭವನ ಅಲ್ಲಿಂದ ದೂರವಿಲ್ಲ. ಆಟೊ ಹಿಡಿದೆವು. ಕಾರ್ಯಕ್ರಮ ಮರುದಿನ, ಆದರೆ ಎಲ್ಲ ಜೋಡಿಸಿಯಾಗಿತ್ತು. ಹಳೆ ಬೀಸುವ ಕಲ್ಲು, ಕತ್ತಿ, ಸೇರು ಪಾವುಗಳ ನಡುವೆ, ಗಾಜು ಹಾಕಿಸಿಕೊಂಡು ನಮ್ಮ ಚಿತ್ರ. ಅಜ್ಜ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕೊಡ ಹಿಡಿದ ಹುಡುಗಿಗೆ ಕಣ್ಣು ಬಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಸಾಲು: ಊರೆಲ್ಲ ಓಡಿದಾಗಲೂ ಒಲೆ ಆರಿಸದ ಮನೆ. ಒಂದು ಅಕ್ಷರ ಬದಲಾಗಿರಲಿಲ್ಲ.

ಗುರುಗುಂಟಿ ಅಮ್ಮ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ‘ಯಾರ ಕಣ್ಣಲೇ ತಮ್ಮಾ ಇವು?’

‘ನಿನ್ನವಾ, ಅಕ್ಕ.’

‘ನನ್ನವು ಹಿಂಗಿದ್ದಿಲ್ಲ.’ ತಿರುಗಿ ನನ್ನ ಮುಖ ನೋಡಿದಳು, ಮತ್ತೆ ಚಿತ್ರ ನೋಡಿದಳು. ‘ಇವು ಈಕೀವು ಅಲ್ಲೇನು?’

ನಾನೂ ನೋಡಿದೆ. ಹೌದು. ಎಡಗಣ್ಣು ಸ್ವಲ್ಪ ಸಣ್ಣದು, ನನ್ನದರ ಹಾಗೆ. ಅಜ್ಜನೇ ಹೇಳಿದ: ಮಸ್ಕಿಯಲ್ಲಿ ಅಂಗಡಿ ಬೋರ್ಡು, ನಾಯಕರ ಕಟೌಟು ಬರೆಯುವವನ ಹತ್ತಿರ ಒಯ್ದು, ನಾನು ಕಪ್ಪು ಹಿಡಿದು ನಿಂತ ಫೋಟೊ ತೋರಿಸಿ ಬರೆಸಿದ್ದನಂತೆ. ಅದನ್ನು ಮುಚ್ಚಿಡಬೇಕು ಎಂದೂ ಅಜ್ಜನಿಗೆ ಅನಿಸಿರಲಿಲ್ಲ.

‘ಒಂದಾ ಮನಿತನದ ಕಣ್ಣು’ ಎಂದ. ‘ಕುಲಗೋತ್ರ ಒಂದಾ. ಯಾರ್ದಾದ್ರೇನು. ನಾಳೆ ಹತ್ತು ಮಂದಿ ಬರ್ತಾರ, ಮಗಳ ಕಣ್ಣು ಎಲ್ಲಿ ಅದಾವ ಅಂತ ಕೇಳಿದ್ರ ಏನ್ ಹೇಳ್ಲಿ?’

‘ಅಂಬಿಗರ ಗುಡಿಸಲದಾಗ ಅದಾವ ಅಂತ ಹೇಳು’ ಎಂದಳು ಅವನ ಅಕ್ಕ.

ಅಜ್ಜ ಸುತ್ತ ನೋಡಿದ. ಕುರ್ಚಿ ಜೋಡಿಸುವವರು ಇಬ್ಬರು ದೂರದಲ್ಲಿದ್ದರು. ‘ಸಾವಕಾಶ ಮಾತಾಡಕ್ಕ’ ಎಂದ. ‘ಇಷ್ಟ ವರ್ಷ ಮುಚ್ಚಿದ್ದು ನಿನ್ನ ಮಾನಕ್ಕ.’

‘ನನ್ನ ಮಾನ ನಿಂಗ ಶಾಲು ಹೊದಿಸ್ತೈತಿ ಹಂಗಾದ್ರ.’ ಆಕೆ ದನಿ ಏರಿಸಲಿಲ್ಲ. ಸೆರಗಿನ ಚುಂಗಿನಿಂದ ಕಾಡಿಗೆ ಒರೆಸಿಕೊಂಡಳು, ಒಂದು ಕಣ್ಣು, ಆಮೇಲೆ ಇನ್ನೊಂದು. ನಂತರ ನನಗೆ, ‘ಬರೀತೀನಿ ಅಂದಿದ್ದಿ’ ಎಂದಳು. ಕೇಳಿದ್ದೂ ಅಲ್ಲ, ಬೈದಿದ್ದೂ ಅಲ್ಲ. ಚಿತ್ರದ ಕೆಳಗೆ ಬರೆದಿದ್ದು ಓದಲು ಆಕೆಗೆ ಬರುವುದಿಲ್ಲ. ಆದರೆ ಅಜ್ಜ ನನ್ನ ಕಡೆ ನೋಡದೆ ಇದ್ದುದನ್ನು ಓದಿಕೊಂಡಳು. ‘ಹೊರಗ ಕುಂತಿರ್ತೀನಿ, ಬಸ್ಸಿನ ಹೊತ್ತಾತು’ ಎಂದು ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. ಬೇರೆಯವಳ ಕಣ್ಣು ಹಾಕಿಕೊಂಡ ಹುಡುಗಿ ಒಳಗೆ, ಗಾಜಿನ ಹಿಂದೆ, ಕೊಡ ಹಿಡಿದು ನಿಂತಿದ್ದಳು. ಆಕೆ ಮನೆಯಲ್ಲೇ ಇದ್ದಳು ಅನ್ನುವುದಕ್ಕೆ ಈಗ ನಾನೂ ಸಾಕ್ಷಿ.

ಅಜ್ಜನ ಎದುರು ಮೊಣಕಾಲೂರಿ ಕೂತೆ, ಚಿಕ್ಕಂದಿನಲ್ಲಿ ಕಥೆ ಕೇಳಲು ಕೂರುತ್ತಿದ್ದ ಹಾಗೆ. ಜೋಡಿಸಿಕೊಂಡಿದ್ದ ಮೂರು ವಾದಗಳನ್ನೂ ಬದಿಗಿಟ್ಟೆ. ಅವನು ಐದು ವರ್ಷದವನಾಗಿದ್ದ, ಇಳಿಸಿದ್ದು ಅವನಲ್ಲ, ಗೊತ್ತು. ನಾನು ಕೇಳಿದ್ದು ಅದನ್ನಲ್ಲ.

‘ಅಜ್ಜಾ, ಹರಿಗೋಲು ದಂಡಿ ಬಿಟ್ಟಾಗ ನೀ ಅಕೀ ಕಡೆ ಮಾರಿ ಮಾಡಿ ಕುಂತಿದ್ದಿ. ಅವತ್ತ ನೋಡಿದ ಆ ಕಣ್ಣು, ಅವು ನಿನಗ ಇನ್ನೂ ನೆನಪದಾವೇನು?’